ಕೇಳಿಸದ ಮೊದಲಕ್ಷರ

ನನ್ನ ಹಳೆಯ ಡೈರಿಯ ಒಂದು ಪುಟದಲ್ಲಿ, ಕನ್ನಡದ ಸಾಲುಗಳ ನಡುವೆ, ಕನ್ನಡವಲ್ಲದ ಎರಡು ಪದಗಳಿವೆ. ನಹುಲೊಗ್ ನಾಕೊ. ಫಿಲಿಪೀನ್ಸ್‌ನ ಸೆಬು ದ್ವೀಪದವರು ಆಡುವ ಸೆಬುವಾನೊ ಭಾಷೆಯ ಪದಗಳು. ನನ್ನ ಕೈತಪ್ಪಿ ಬಿತ್ತು, ಬಿದ್ದರು ಎಂದು ಅರ್ಥ. ಅಕ್ಷರ ನನ್ನದೇ. ಆದರೆ ಆ ಮಾತು ನಿಜವಾಗಿ ನನ್ನ ಕಿವಿಗೆ ಬಿದ್ದಿತ್ತೇ ಎಂಬುದು ಇವತ್ತಿಗೂ ಗೊತ್ತಿಲ್ಲ. ಅದನ್ನು ಹೇಳಿದವಳು, ಅಥವಾ ಹೇಳಿದಳೆಂದು ನಾನು ಬರೆದುಕೊಂಡವಳು, ಆ ಒಂದು ವಾಕ್ಯದಿಂದಾಗಿ ಕೆಲಸ ಕಳೆದುಕೊಂಡು ಈ ದೇಶ ಬಿಟ್ಟು ಹೋದಳು. ವಾಕ್ಯದಿಂದಾಗಿ ಎಂದು ಬರೆದೆ. ನನ್ನಿಂದಾಗಿ ಎಂದು ಬರೆಯಬೇಕಿತ್ತೇನೋ. ಅದು ತೀರ್ಮಾನವಾಗದೆಯೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಧಾರವಾಡದಿಂದ ಇಂಗ್ಲಿಷರ ನಾಡಿನ ಹೌನ್ಸ್ಲೋಗೆ ಬಂದವಳು ನಾನು. ಗಂಡನಿಗೆ ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಕೆಲಸ. ನನ್ನ ಕೈಯಲ್ಲಿ ಭಾಷಾಶಾಸ್ತ್ರದ ಎಂ.ಎ. ಇತ್ತು, ಅದು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಮನೆಯಿಂದ ಎರಡು ಬಸ್ ಸ್ಟಾಪ್ ಆಚೆಗಿದ್ದ ಒಂದು ಕೇರ್ ಹೋಮ್‌ನಲ್ಲಿ, ವಯಸ್ಸಾದವರು ಉಳಿದುಕೊಳ್ಳುವ ಜಾಗದಲ್ಲಿ, ಆಫೀಸಿನ ಕೆಲಸ ಸಿಕ್ಕಿತು. ಫೈಲು ಜೋಡಿಸುವುದು, ಪತ್ರ ಟೈಪ್ ಮಾಡುವುದು, ಫೋನ್ ಎತ್ತುವುದು. ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು. ಅದು ಬಂದಾಗ ಎಲ್ಲರೂ ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಿದ್ದರು. ಹೊಸದಾಗಿ ಬಂದವರಿಗೆ ಮಾತ್ರ ಅದು ಅಭ್ಯಾಸವಾಗಿರಲಿಲ್ಲ. ಅವರು ಸದ್ದಿನ ಮೇಲೆಯೇ ಮಾತಾಡುತ್ತಿದ್ದರು.

ಅಲ್ಲಿ ಮಹಡಿಯ ಉಸ್ತುವಾರಿ ನೋಡುತ್ತಿದ್ದ ನರ್ಸ್ ಉಡುಪಿ ಕಡೆಯವರು, ಕ್ಯಾಥೊಲಿಕ್, ಮನೆಯಲ್ಲಿ ಕೊಂಕಣಿ. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಬೇರೆಯವರಿಗೆ ತಿಳಿಯಬಾರದ್ದನ್ನು ನಾವಿಬ್ಬರೂ ಕನ್ನಡದಲ್ಲಿ ಆಡಿಕೊಳ್ಳುತ್ತಿದ್ದೆವು. ಅವರದ್ದು ಕರಾವಳಿಯ ಕನ್ನಡ, ನನ್ನದು ಧಾರವಾಡದ್ದು. ಕೆಲವೊಮ್ಮೆ ನಮಗೇ ಒಬ್ಬರದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಸೆಬುವಿನಿಂದ ಬಂದವಳು ಸಿಸ್ಟರ್ ಕೈಕೆಳಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರರ್ ಆಗಿ ಸೇರಿದಳು. ಮೂವತ್ತರ ಆಸುಪಾಸು. ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಅವಳ ವರ್ಕ್ ಪರ್ಮಿಟ್ ನಮ್ಮ ಹೋಮ್‌ನ ಹೆಸರಿಗೆ ಕಟ್ಟಿದ್ದಾಗಿತ್ತು. ಇಲ್ಲಿನ ಕೆಲಸ ಹೋದರೆ, ಇನ್ನೊಬ್ಬರು ಬೇಗ ಕೆಲಸ ಕೊಡದಿದ್ದರೆ, ಊರಿಗೆ ಮರಳಬೇಕು. ಆ ಕಾಗದಗಳ ಫೈಲು ನನ್ನ ಬೀರುವಿನಲ್ಲೇ ಇದ್ದುದರಿಂದ ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೊದಲ ವಾರ ಅವಳು ನನ್ನನ್ನು "ಆತೆ" ಎಂದು ಕರೆದಳು. ನಾನು ಅತ್ತೆ ಎಂದು ಕೇಳಿಸಿಕೊಂಡು ಬೆಚ್ಚಿದೆ, ಅವಳಿಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವಳು ನಾನು. ಅವರಲ್ಲಿ ಆತೆ ಎಂದರೆ ಅಕ್ಕ ಎಂದು ಆಮೇಲೆ ತಿಳಿಯಿತು. ಸಿಸ್ಟರ್ ಅದನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

"ಎಂತ ಮಾರಾಯ್ತಿ, ಮಗ ಹುಟ್ಟುವ ಮೊದಲೇ ಸೊಸೆ ಬಂದಳಲ್ಲ ನಿಮಗೆ."

ನಮಗೆ ಮಕ್ಕಳಿರಲಿಲ್ಲ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ನೊಂದುಕೊಳ್ಳುತ್ತಿದ್ದೆ.

ಅವಳ ಭಾಷೆ ಕಲಿಯಬೇಕೆಂದು ನನಗೆ ಹೊಳೆದದ್ದು ಪ್ರೀತಿಯಿಂದಲೋ ಹಸಿವಿನಿಂದಲೋ ಹೇಳಲಾರೆ. ಎಂಟು ವರ್ಷ ನನ್ನ ಓದು ಯಾವುದಕ್ಕೂ ಬಳಕೆಯಾಗಿರಲಿಲ್ಲ. ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಟ್ಯಾಗಲಾಗ್ ವ್ಯಾಕರಣದ ಪುಸ್ತಕ ಸಿಕ್ಕಿತು. ಒಂದು ವಾರ ಓದಿ, ಚಹಾದ ಹೊತ್ತಿನಲ್ಲಿ ಅವಳೆದುರು "ನಗ್‌ಲೂತೊ" ಎಂದೆ. ಅಡುಗೆ ಮಾಡಿದೆ ಎಂದು ನನ್ನ ಉದ್ದೇಶ. ಅವಳು ಚಹಾದ ಲೋಟ ಕೆಳಗಿಟ್ಟು ನಗತೊಡಗಿದಳು.

"ಹಾಗಾದರೆ ಇಲ್ಲೇನು ಮಾಡ್ತಿದ್ದೀರಿ ಆತೆ? ಒಲೆ ಯಾರು ನೋಡ್ಕೊಳ್ತಿದ್ದಾರೆ?"

ನನ್ನ ಪುಸ್ತಕದ್ದು ಮನಿಲಾದವರ ಭಾಷೆಯಂತೆ, ಅವಳೂ ಅದನ್ನು ಶಾಲೆಯಲ್ಲಿ ಕಲಿತದ್ದಂತೆ. ಎರಡರಲ್ಲೂ ನಗ್ ಎಂಬ ಅಕ್ಷರ ಪದದ ತಲೆಗೆ ಬರುತ್ತದೆ. ಟ್ಯಾಗಲಾಗ್‌ನಲ್ಲಿ ಅದು ಬಂದರೆ ಕೆಲಸ ಮುಗಿದಿದೆ. ಅವಳ ಸೆಬುವಾನೊದಲ್ಲಿ ಬಂದರೆ ಕೆಲಸ ಇನ್ನೂ ನಡೆಯುತ್ತಿದೆ. ಒಂದೇ ಅಕ್ಷರ, ಒಂದೇ ಪದ, ಒಬ್ಬಳ ಅಡುಗೆ ಆಗಿದೆ, ಇನ್ನೊಬ್ಬಳದು ಒಲೆಯ ಮೇಲಿದೆ.

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಹಾರ ಎಂಬ ಪದವನ್ನು ಬೋರ್ಡಿನ ನಡುವೆ ಬರೆದು, ಅದರ ತಲೆಗೆ ಒಂದೊಂದೇ ಉಪಸರ್ಗ ಹಚ್ಚಿ ಆಹಾರ, ವಿಹಾರ, ಪ್ರಹಾರ, ಸಂಹಾರ ಎಂದು ಊಟದಿಂದ ಕೊಲೆಯವರೆಗೆ ಹೋಗುತ್ತಿದ್ದರು. ಆದರೆ ಅದು ಸಂಸ್ಕೃತದಿಂದ ಬಂದ ಆಸ್ತಿ. ಅಚ್ಚ ಕನ್ನಡದ ಕ್ರಿಯಾಪದ ತನ್ನ ಗುಟ್ಟನ್ನೆಲ್ಲ ಬಾಲದಲ್ಲಿ ಇಟ್ಟುಕೊಳ್ಳುತ್ತದೆ. ಯಾರು ಮಾಡಿದರು, ಯಾವಾಗ, ಮಾಡಿದರೋ ಇಲ್ಲವೋ, ಎಲ್ಲವೂ ಕೊನೆಗೆ. ನಾವು ಮಾತಿನ ಬಾಲಕ್ಕೆ ಕಾದು ಕೂತು ಕೇಳುವವರು. ಅವಳ ಭಾಷೆಯಲ್ಲಿ ತಲೆ ತಪ್ಪಿಸಿಕೊಂಡರೆ ಎಲ್ಲವೂ ತಪ್ಪಿತು. ಇದನ್ನು ನಾನು ಆಗಲೇ ಡೈರಿಯಲ್ಲಿ ಬರೆದಿದ್ದೇನೆ, ಜಾಣತನದ ಮಾತೊಂದು ಸಿಕ್ಕಿತೆಂಬ ಸಂತೋಷದಲ್ಲಿ. ಅದು ನನಗೇ ಹೇಳಿಕೊಳ್ಳಬೇಕಾದ ಎಚ್ಚರಿಕೆ ಎಂದು ಹೊಳೆದಿರಲಿಲ್ಲ.

ಸ್ಟಾಫ್ ಅಡುಗೆಮನೆಯಲ್ಲಿ ಒಂದು ದಿನ ಅವಳ ಕೈಯಿಂದ ಕಪ್ಪು ಜಾರಿ ಒಡೆಯಿತು. ಒಡೆದದ್ದು ಯಾರು ಎಂದು ಅಡುಗೆಯವಳು ಇಂಗ್ಲಿಷಿನಲ್ಲಿ ಕೇಳಿದಳು. ನಾನೇ ಒಡೆದೆ ಎಂದು ಇವಳು ಇಂಗ್ಲಿಷಿನಲ್ಲೇ ಹೇಳಿ ಬೈಸಿಕೊಂಡಳು. ಜಾರಿತು ಅಂತ ಹೇಳಬಾರದಿತ್ತೇ ಎಂದು ಆಮೇಲೆ ಕೇಳಿದೆ. ತಮ್ಮಲ್ಲಾದರೆ ಅದನ್ನು ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲ ಎಂದಳು. ನಬುವಾಕ್ ಎಂದರೆ ತಾನಾಗಿ, ಅರಿವಿಲ್ಲದೆ ಒಡೆದದ್ದು. ಗಿಬುವಾಕ್ ಎಂದರೆ ಬೇಕೆಂದೇ ಒಡೆದದ್ದು. ನಾಕೊ ಎಂದರೆ ನನ್ನಿಂದ. ನಬುವಾಕ್ ನಾಕೊ: ಒಡೆದದ್ದು ನನ್ನ ಕೈಯಲ್ಲೇ, ಆದರೆ ಒಡೆಯುವ ಮನಸ್ಸು ನನ್ನದಲ್ಲ. ಟ್ಯಾಗಲಾಗ್‌ನವರಲ್ಲೂ ಈ ಭೇದವಿದೆಯಂತೆ. ಬಸಗ್ ಎಂಬ ಪದಕ್ಕೆ ತಲೆಯಲ್ಲಿ ನ ಹಚ್ಚಿ ನಬಸಗ್ ಎಂದರೆ ತಿಳಿಯದೆ ಒಡೆದದ್ದು. ಬೇಕೆಂದು ಒಡೆದದ್ದಾದರೆ ಪದದ ಹೊಟ್ಟೆಯನ್ನೇ ಸೀಳಿ ನಡುವೆ ಇನ್ ತೂರಿಸಿ ಬಿನಸಗ್ ಎನ್ನುತ್ತಾರೆ.

ನಮ್ಮಲ್ಲೂ ಇದೆ ಎಂದೆ. ಒಡೆದುಹೋಯಿತು, ಒಡೆದುಹಾಕಿದೆ. ಅವಳು ಎರಡನ್ನೂ ನನ್ನ ಬಾಯಿಂದ ನಾಲ್ಕು ಸಲ ಹೇಳಿಸಿ, ಹೋಗು ಹಾಕು ಎಂಬುದನ್ನು ಕೊನೆಯಲ್ಲಿ ಇಟ್ಟರೆ ಅಲ್ಲಿಯವರೆಗೆ ಕೇಳುವವರಿಗೆ ಸಿಟ್ಟು ಬಂದಿರುತ್ತದಲ್ಲ ಎಂದಳು. ನಾವಿಬ್ಬರೂ ನಕ್ಕೆವು. ಹಾಗೆ ನೆನಪು. ಡೈರಿಯಲ್ಲಿ ನಗುವಿನ ಉಲ್ಲೇಖವಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಎರಡನೆಯ ಮಹಡಿಯ ಅಜ್ಜಿ ಬಿದ್ದರು. ಅಜ್ಜಿ ಇಂಗ್ಲಿಷಿನವರು, ತೊಂಬತ್ತರ ಹತ್ತಿರ. ಸೆಬುವಿನವಳೆಂದರೆ ಅವರಿಗೆ ಜೀವ, ಬೇರೆಯವರು ಸ್ನಾನ ಮಾಡಿಸಲು ಹೋದರೆ ಬಾಗಿಲು ತೋರಿಸುತ್ತಿದ್ದರು. ಅವರನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ ದಾಟಿಸಲು ಇಬ್ಬರು ಇರಬೇಕೆಂಬ ನಿಯಮ. ಅವತ್ತು ಎರಡನೆಯವಳು ಇನ್ನೊಂದು ಕೋಣೆಯ ಬೆಲ್ ಕೇಳಿ ಓಡಿದ್ದಳು. ಅವಳು ಮರಳುವಷ್ಟರಲ್ಲಿ ಅಜ್ಜಿ ನೆಲದ ಮೇಲಿದ್ದರು, ಮಣಿಕಟ್ಟು ಮುರಿದಿತ್ತು. ಸೆಬುವಿನವಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏನಾಯಿತೆಂದು ಅಜ್ಜಿಗೆ ನೆನಪಿರಲಿಲ್ಲ.

ಮ್ಯಾನೇಜರ್ ಕೆಟ್ಟ ಹೆಂಗಸಲ್ಲ. ಅವಳಿಗೆ ಅದೇ ದಿನ ಲಿಖಿತ ಹೇಳಿಕೆ ಬೇಕಿತ್ತು. ಸೆಬುವಿನವಳು ಪೆನ್ನು ಹಿಡಿದು ಒಂದು ಸಾಲೂ ಬರೆಯಲಿಲ್ಲ. ಅಷ್ಟು ಚೆನ್ನಾಗಿದ್ದ ಅವಳ ಇಂಗ್ಲಿಷ್ ಎಲ್ಲಿಗೋ ಹೋಗಿಬಿಟ್ಟಿತ್ತು. ನಿನಗೆ ಅವಳ ಭಾಷೆ ಬರುತ್ತದಲ್ಲ, ಕೂತು ಬರೆದುಕೊಡು ಎಂದು ಮ್ಯಾನೇಜರ್ ನನಗೆ ಹೇಳಿದಳು. ನನಗೆ ಬರುತ್ತಿದ್ದದ್ದು ಐವತ್ತೋ ಅರವತ್ತೋ ಪದ, ಹತ್ತು ಹನ್ನೆರಡು ಉಪಸರ್ಗ. ಬರುವುದಿಲ್ಲ ಎಂದು ಹೇಳಬಹುದಿತ್ತು. ಆ ಹೊತ್ತಿನಲ್ಲಿ, ಅಜ್ಜಿ ಆಸ್ಪತ್ರೆಯಲ್ಲಿದ್ದಾಗ, ಆ ಹುಡುಗಿ ಖಾಲಿ ಕಾಗದದ ಮುಂದೆ ಕೂತಿದ್ದಾಗ, ನನಗೆ ಒಳಗೆ ಹಿಗ್ಗಾಯಿತು. ಇದು ಡೈರಿಯಲ್ಲಿಲ್ಲ. ಆದರೆ ಈ ಒಂದು ನೆನಪನ್ನು ನಾನು ಅನುಮಾನಿಸುವುದಿಲ್ಲ.

ಆಫೀಸಿನಲ್ಲಿ ರೇಡಿಯೇಟರ್ ಬಿಸಿ ಹೆಚ್ಚಾಗಿ ಕಿಟಕಿ ತೆರೆದಿತ್ತು. ಅವಳು ಸ್ವಲ್ಪ ಇಂಗ್ಲಿಷ್, ಸ್ವಲ್ಪ ತನ್ನ ಭಾಷೆ ಸೇರಿಸಿ ಹೇಳುತ್ತಾ ಹೋದಳು. ಅಜ್ಜಿಯನ್ನು ಹಾಸಿಗೆಯ ಅಂಚಿಗೆ ಕೂರಿಸಿದ್ದು, ಜೊತೆಯವಳು ಬೆಲ್‌ಗೆ ಹೋದದ್ದು, ಅಜ್ಜಿ ಮುಂದಕ್ಕೆ ವಾಲಿದ್ದು. ಎಲ್ಲವನ್ನೂ ಬರೆದೆ. ಆಮೇಲೆ ಅವಳು ಬಗ್ಗಿ ಕೈ ನೋಡಿಕೊಳ್ಳುತ್ತಾ ಒಂದು ಮಾತು ಹೇಳಿದಳು. ಅದೇ ಕ್ಷಣಕ್ಕೆ ವಿಮಾನ ಬಂತು. ಸದ್ದು ಮಾತಿನ ತಲೆಯನ್ನು ನುಂಗಿತು. ನನಗೆ ಸಿಕ್ಕಿದ್ದು ಹುಲೊಗ್ ನಾಕೊ. ಹುಲೊಗ್ ಎಂದರೆ ಬೀಳುವುದು. ನಾಕೊ, ನನ್ನಿಂದ.

ನ ಎಂದಳೋ ಗಿ ಎಂದಳೋ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಅರ್ಧ ಗಳಿಗೆ ಸಾಕಿತ್ತು. ಕೇಳಲಿಲ್ಲ. ಬಾಲ ಸಿಕ್ಕಿತ್ತಲ್ಲ, ಬಾಲದಲ್ಲಿ ಯಾರಿಂದ ಎಂಬುದು ಇತ್ತಲ್ಲ, ನನ್ನ ಕನ್ನಡದ ಕಿವಿಗೆ ವಾಕ್ಯ ಪೂರ್ತಿಯಾಗಿತ್ತು. ಕೇಳಿದರೆ ನನಗೆ ಭಾಷೆ ಬರುವುದಿಲ್ಲ ಎಂದು ಗೊತ್ತಾಗುತ್ತದೆಂಬ ಅಳುಕೂ ಇದ್ದಿರಬೇಕು. ಐ ಡ್ರಾಪ್ಡ್ ಹರ್, ಎಂದು ಬರೆದೆ. ಇಂಗ್ಲಿಷಿನ ಆ ಮೂರು ಪದಗಳಲ್ಲಿ ನಾನು ಎಂಬುದು ಎಲ್ಲಕ್ಕಿಂತ ಮುಂದೆ ನಿಂತಿರುತ್ತದೆ, ಕೈ ಜಾರಿತೋ ಕೈ ಬಿಟ್ಟೆನೋ ಎಂದು ಹೇಳುವ ಜಾಗವೇ ಅದರಲ್ಲಿಲ್ಲ. ಓದಿ ಹೇಳಿದೆ ಎಂದುಕೊಂಡಿದ್ದೇನೆ. ಅವಳು ತಲೆಯಾಡಿಸಿ ಸಹಿ ಹಾಕಿದಳು.

ಮಧ್ಯಾಹ್ನವೇ ಅವಳನ್ನು ಕೆಲಸದಿಂದ ದೂರವಿಟ್ಟರು. ವಿಚಾರಣೆ ಮುಗಿಯುವತನಕ ಮಹಡಿಗೆ ಬರುವಂತಿಲ್ಲ, ಅವಳ ಜೊತೆ ಯಾರೂ ಮಾತಾಡುವಂತಿಲ್ಲ ಎಂಬುದು ನಿಯಮ. ಆ ನಿಯಮ ನನಗೆ ಅನುಕೂಲವಾಯಿತು. ಮೂರು ದಿನ ಡೈರಿ ಬರೆಯಲಿಲ್ಲ. ನಾಲ್ಕನೆಯ ದಿನ ಬರೆದ ಪುಟದಲ್ಲೇ ನಹುಲೊಗ್ ನಾಕೊ ಎಂದಿರುವುದು, ಕೇಳಿಸದ ಅಕ್ಷರವೂ ಸೇರಿ, ಸ್ಪಷ್ಟವಾಗಿ. ಕೇಳಿದ್ದನ್ನು ಬರೆದೆನೋ, ಕೇಳಬೇಕಿದ್ದನ್ನು ಬರೆದೆನೋ? ಪುಟವನ್ನು ಎಷ್ಟು ಸಲ ಓದಿದ್ದೇನೆಂದರೆ, ಈಗ ಅವಳ ದನಿಯಲ್ಲೇ ಆ ನ ನನಗೆ ಕೇಳಿಸುತ್ತದೆ. ಹಾಗಾಗಿಯೇ ನಂಬಿಕೆ ಬರುವುದಿಲ್ಲ.

ವಿಚಾರಣೆಯಲ್ಲಿ ಅವಳನ್ನು ಒಂದೇ ಮಾತು ಕೇಳಿದರಂತೆ, ನೀನು ಅವರನ್ನು ಬೀಳಿಸಿದೆಯಾ ಎಂದು. ಹೌದು ಎಂದಳಂತೆ. ಸಿಸ್ಟರ್ ಅಲ್ಲಿದ್ದರು, ಅವರೇ ಬಂದು ಹೇಳಿದರು. ಹೊರಗೆ ಬಸ್ ಸ್ಟಾಪ್‌ನ ಹತ್ತಿರ ನಿಂತು ನಾನು ಅವರಿಗೆ ಎಲ್ಲ ಹೇಳಿಕೊಂಡೆ.

"ನನಗ ಮೊದಲಿನ ಅಕ್ಷರ ಕೇಳಿಸಲೇ ಇಲ್ಲರಿ ಸಿಸ್ಟರ್. ನ ಇದ್ರ ಕೈತಪ್ಪಿ ಬಿದ್ದಿದ್ದು. ಗಿ ಇದ್ರ ಬೇಕಂತ ಬೀಳಿಸಿದ್ದು."

"ಅವಳು ಬೇಕಂತ ಬೀಳಿಸುವವಳಾ? ನಿಮಗೆ ಗೊತ್ತುಂಟಲ್ಲ ಅವಳನ್ನು."

"ಗೊತ್ತೈತಿ."

"ಮತ್ತೆ ಎಂತ? ನ ಅಂತ ಹೇಳಿದಳು ಅಂತ ಹೋಗಿ ಹೇಳಿ. ಕೈ ಜಾರಿತು ಅಂದಳು, ನಾನು ಬರೆಯುವಾಗ ತಪ್ಪಿದೆ ಅಂತ. ಮುಗೀತಲ್ಲ."

"ಕೇಳಿಸದ್ದನ್ನ ಕೇಳಿಸೇತಿ ಅಂತ ಹೆಂಗ ಹೇಳ್ಲಿ?"

ಬಂದ ಬಸ್ಸನ್ನು ಸಿಸ್ಟರ್ ಹೋಗಲು ಬಿಟ್ಟರು.

"ಒಂದು ಅಕ್ಷರ ಮಾರಾಯ್ತಿ," ಎಂದರು. "ಅವಳಿಗೆ ಎರಡು ಮಕ್ಕಳು."

ಮರುದಿನ ಮ್ಯಾನೇಜರ್ ಹತ್ತಿರ ಹೋದೆ. ನನ್ನ ಅನುವಾದದಲ್ಲಿ ತಪ್ಪಿದ್ದಿರಬಹುದು ಎಂದೆ. ಅವಳು ಕುರ್ಚಿ ಕೊಟ್ಟಳು, ಕೇಳಿದಳು, ಬರೆದುಕೊಳ್ಳಲು ಪೆನ್ನನ್ನೂ ತೆಗೆದಳು. ಹಾಗಾದರೆ ಅವಳು ನಿಜವಾಗಿ ಏನು ಹೇಳಿದಳು ಎಂದು ಕೇಳಿದಳು. ಪೆನ್ನು ಕಾಗದದ ಮೇಲಿತ್ತು. ನ ಎನ್ನಬಹುದಿತ್ತು. ಅದು ಸುಳ್ಳು ಎಂದು ಯಾರೂ ಸಾಬೀತು ಮಾಡಲಾರರು, ಸುಳ್ಳು ಎಂದು ನನಗೂ ಗೊತ್ತಿರಲಿಲ್ಲ. ಆದರೆ ನಾನು ಪದದ ತಲೆಯಲ್ಲಿ ಬರುವ ಅಕ್ಷರಗಳ ಬಗ್ಗೆ, ನನಗೆ ಕೇಳಿಸಿದ ಭಾಗದ ಬಗ್ಗೆ, ಕೇಳಿಸದ ಭಾಗದ ಬಗ್ಗೆ, ವಿಮಾನದ ಬಗ್ಗೆ ಪಾಠ ಹೇಳುವವಳಂತೆ ವಿವರಿಸಿದೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟಳು. ಅಂದರೆ ನಿನಗೆ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂದೆ. ಅವಳೇ ಸಹಿ ಹಾಕಿದ್ದಾಳಲ್ಲ ಎಂದಳು. ಹೌದು ಎಂದೆ.

ಇದನ್ನು ಪ್ರಾಮಾಣಿಕತೆ ಎಂದು ಕೆಲವು ವರ್ಷ ಅಂದುಕೊಂಡಿದ್ದೆ. ಅವತ್ತು ಆಫೀಸಿನಲ್ಲಿ ಸಹಿಗೆ ಮೊದಲು ಒಂದು ಪ್ರಶ್ನೆ ಕೇಳುವ ಪ್ರಾಮಾಣಿಕತೆ ಇಲ್ಲದವಳಿಗೆ, ಸಹಿಯಾದ ಮೇಲೆ ಅದು ಎಲ್ಲಿಂದ ಬಂತು ಎಂದು ಈಗ ಅನ್ನಿಸುತ್ತದೆ. ನಾನು ಕಾಪಾಡಿದ್ದು ನಿಜವನ್ನೋ, ನನ್ನ ಕಿವಿಯ ಮರ್ಯಾದೆಯನ್ನೋ?

ಕೆಲಸ ಹೋಯಿತು. ಸಿಸ್ಟರ್ ತಮ್ಮ ಚರ್ಚಿನವರ ಮೂಲಕ ಸ್ಟ್ಯಾನ್ಮೋರ್ ಕಡೆಯ ಇನ್ನೊಂದು ಕೇರ್ ಹೋಮ್‌ನಲ್ಲಿ ಮಾತಾಡಿದರು. ಅಲ್ಲಿಯವರು ನಮ್ಮ ಮ್ಯಾನೇಜರ್‌ನಿಂದ ಪತ್ರ ಕೇಳಿದರು. ಮ್ಯಾನೇಜರ್ ಹೇಳಿದಳು, ನಾನು ಟೈಪ್ ಮಾಡಿದೆ. ಶ್ರದ್ಧೆಯ ಕೆಲಸಗಾರ್ತಿ, ಎಲ್ಲರಿಗೂ ಬೇಕಾದವಳು ಎಂದೆಲ್ಲ ಆದ ಮೇಲೆ, ತನ್ನದೇ ಹೇಳಿಕೆಯ ಪ್ರಕಾರ ಒಬ್ಬ ವೃದ್ಧೆಯನ್ನು ಬೀಳಿಸಿದ್ದಾಳೆ ಎಂಬ ಸಾಲು. ಒಂದು ಅಕ್ಷರವನ್ನೂ ಬದಲಿಸದೆ ಟೈಪ್ ಮಾಡಿ, ಲಕೋಟೆಗೆ ಹಾಕಿ, ಅಂಚೆಗೆ ಕೊಟ್ಟೆ. ಸ್ಟ್ಯಾನ್ಮೋರ್‌ನವರು ಮತ್ತೆ ಬರೆಯಲಿಲ್ಲ.

ಅವಳು ಹೊರಡುವ ಹಿಂದಿನ ಭಾನುವಾರ ಚರ್ಚಿನ ಹಾಲ್‌ನಲ್ಲಿ ಅವರ ಜನ ಊಟ ಇಟ್ಟುಕೊಂಡಿದ್ದರು. ಸಿಸ್ಟರ್ ನನ್ನನ್ನು ಕರೆದುಕೊಂಡು ಹೋದರು. ನಾನು ಬರುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ನೋಡಿದವಳು ಒಂದು ತಟ್ಟೆಗೆ ನೂಡಲ್ಸ್ ಹಾಕಿ ತಂದು ನನ್ನ ಕೈಗಿಟ್ಟಳು, ಮಾಂಸ ಹಾಕಿಲ್ಲ ತಿನ್ನಿ ಎಂದಳು. ಅವಳ ಮುಖದಲ್ಲಿ ಸಿಟ್ಟು ಇತ್ತೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಸುತ್ತ ಹಾಡು, ಮಕ್ಕಳ ಗದ್ದಲ. ತಟ್ಟೆ ಹಿಡಿದುಕೊಂಡೇ ಕೇಳಿದೆ. ಅವತ್ತು ಆಫೀಸಿನಲ್ಲಿ ನೀನು ನಹುಲೊಗ್ ಅಂದೆಯಾ, ಗಿಹುಲೊಗ್ ಅಂದೆಯಾ?

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನನಗೆ ಕೇಳಿಸಿರಲಿಲ್ಲ ಎಂಬುದು ಅವಳಿಗೆ ತಿಳಿದದ್ದೇ ಆ ಕ್ಷಣದಲ್ಲಿ ಎಂದು ಅವಳ ಕಣ್ಣು ನೋಡಿ ಗೊತ್ತಾಯಿತು.

"ಈಗ ಯಾಕೆ ಆತೆ?" ಎಂದಳು. "ಅವತ್ತು ಕೇಳಿದ್ದರೆ ಹೇಳ್ತಿದ್ದೆ."

ಅಷ್ಟರಲ್ಲಿ ಯಾರೋ ಅವಳನ್ನು ಫೋಟೋಗೆ ಕರೆದರು. ಹೋಗುವ ಮುಂಚೆ ತಿರುಗಿ ಒಂದು ಕೆಲಸ ಹೇಳಿದಳು. ಅಜ್ಜಿಯನ್ನು ನೋಡಲು ಅವಳಿಗೆ ಕೊನೆಯವರೆಗೂ ಬಿಟ್ಟಿರಲಿಲ್ಲ, ಎರಡು ಸಲ ಬಂದು ಕೆಳಗಿನ ಬಾಗಿಲಿನಿಂದಲೇ ಹಿಂದೆ ಹೋಗಿದ್ದಳು. ಅಜ್ಜಿಗೆ ಚಹಾ ಬಿಸಿ ಹೆಚ್ಚಿದ್ದರೆ ಆಗುವುದಿಲ್ಲ, ಅರ್ಧ ಕಪ್ ಹಾಕಿ ಮೇಲೆ ತಣ್ಣಗಿನ ಹಾಲು ಹಾಕಿ, ಎಡಗೈಗೆ ಕೊಡಿ, ಬಲಗೈ ಇನ್ನೂ ವಾಸಿಯಾಗಿರಲಿಕ್ಕಿಲ್ಲ, ಎಂದಳು.

ಸೋಮವಾರ ನಾನು ಮಹಡಿ ಹತ್ತಿದೆ. ಆಫೀಸಿನವಳು ಚಹಾ ತರುವುದು ಪದ್ಧತಿಯಲ್ಲ, ಸಿಸ್ಟರ್ ಕಂಡೂ ತಡೆಯಲಿಲ್ಲ. ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದರು, ಬಲ ಮಣಿಕಟ್ಟಿಗೆ ಪ್ಲಾಸ್ಟರ್. ಕಪ್ಪನ್ನು ಎಡಗೈಗೆ ಕೊಟ್ಟೆ. ಒಂದು ಗುಟುಕು ಕುಡಿದು, ಸರಿಯಾಗಿದೆ ಎಂಬಂತೆ ನನ್ನ ಮುಖ ನೋಡಿ, ನನ್ನ ಹುಡುಗಿ ಎಲ್ಲಿ ಎಂದು ಕೇಳಿದರು.

ಅವಳು ಊರಿಗೆ ಹೋದಳು, ಎಂದೆ.

"ನನಗೊಂದು ಮಾತು ಹೇಳದೆಯೇ ಹೋದಳಾ?"

ಹೌದು, ಎಂದೆ.